ವಾಹನದ ಹಿಂಭಾಗದ ಉಜ್ಜುವ ಶಬ್ದ: ಅರ್ಹತಾ ಪತ್ರದ ನವೀಕರಣಕ್ಕೆ ಮುನ್ನ ಪರಿಶೀಲನೆ

ಮೋಟಾರು ವಾಹನಗಳ ಅಧಿನಿಯಮ, 1988ರ 56ನೇ ಪ್ರಕರಣದ ಮೇರೆಗೆ, ಎಫ್.ಸಿ. ಎಂದು ರೂಢಿಯಲ್ಲಿರುವ ಅರ್ಹತಾ ಪತ್ರವು ಸಾರಿಗೆ ವಾಹನಗಳಿಗೆ ಕಡ್ಡಾಯವಾಗಿರುತ್ತದೆ. ಎಂಟು ವರ್ಷ ಮೀರದ ವಾಹನಗಳಿಗೆ ಎರಡು ವರ್ಷಗಳ ಅವಧಿಗೂ ಅದಕ್ಕಿಂತ ಹಳೆಯ ವಾಹನಗಳಿಗೆ ಒಂದು ವರ್ಷದ ಅವಧಿಗೂ ಇದನ್ನು ನವೀಕರಿಸಲಾಗುತ್ತದೆ. ಲಾರಿ, ಟೆಂಪೊ ಮುಂತಾದ ಹಿಂಗಾಲಿ ಚಾಲನೆಯ ವಾಹನಗಳ ಹಿಂಭಾಗದಿಂದ ಉಜ್ಜುವ ಶಬ್ದ ಬರುತ್ತಿದ್ದಲ್ಲಿ, ಮಾಲೀಕರು ಅದರ ಕಾರಣವನ್ನು ತಿಳಿದು ದುರಸ್ತಿಪಡಿಸಿದ ನಂತರವೇ ವಾಹನವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು.

ಶಬ್ದವು ಯಾವಾಗ ಬರುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಬಿಡಿಭಾಗಗಳನ್ನು ಬಿಚ್ಚುವುದು ಆನಂತರದ ಕೆಲಸ.

ಬ್ರೇಕ್ ಒತ್ತಿದಾಗ ಮಾತ್ರ ಶಬ್ದ ಬಂದಲ್ಲಿ, ಬ್ರೇಕ್ ಲೈನರ್ ಪೂರ್ಣ ಸವೆದು ರಿವೆಟ್ ಅಥವಾ ಲೋಹದ ಶೂ ನೇರವಾಗಿ ಡ್ರಮ್ಮಿಗೆ ಉಜ್ಜುತ್ತಿರುವ ಸಂಭವವಿರುತ್ತದೆ. ಇಂತಹ ವಾಹನವನ್ನು ರಸ್ತೆಗಿಳಿಸಬಾರದು. ಡ್ರಮ್ಮಿನಲ್ಲಿ ಗೀರುಗಳು ಬಿದ್ದಿದ್ದರೆ ಹೊಸ ಲೈನರ್ ಮಾತ್ರ ಸಾಲದು; ಡ್ರಮ್ಮನ್ನು ಲೇತ್‌ನಲ್ಲಿ ಸಮಗೊಳಿಸಬೇಕು ಅಥವಾ ಬದಲಿಸಬೇಕು. ಲೈನರುಗಳನ್ನು ಎರಡೂ ಬದಿಗೆ ಒಟ್ಟಿಗೆ ಬದಲಿಸತಕ್ಕದ್ದು. ಬ್ರೇಕ್ ಒತ್ತದಿದ್ದರೂ ಶಬ್ದವಿದ್ದು ಚಕ್ರ ಬಿಸಿಯಾಗುತ್ತಿದ್ದರೆ, ಹ್ಯಾಂಡ್ ಬ್ರೇಕ್ ಬಿಗಿಹಿಡಿದಿದೆಯೇ ಎಂದು ನೋಡಬೇಕು. ಡ್ರಮ್ಮಿನ ಸಂದಿಯಲ್ಲಿ ಸಿಕ್ಕಿದ ಒಂದು ಜಲ್ಲಿಕಲ್ಲು ಸಹ ಇಂತಹುದೇ ಶಬ್ದ ಮಾಡುವುದುಂಟು. ದೊಡ್ಡ ಖರ್ಚಿಗೆ ಒಪ್ಪುವ ಮೊದಲು ಇದನ್ನು ಪರೀಕ್ಷಿಸುವುದು ಲೇಸು.

ವೇಗ ಹೆಚ್ಚಿದಂತೆ ಶಬ್ದವೂ ಹೆಚ್ಚಿ, ಆಕ್ಸಿಲರೇಟರ್ ಬಿಟ್ಟರೂ ಬದಲಾಗದಿದ್ದರೆ ಹಬ್ ಬೇರಿಂಗ್ ಸವೆದಿರಬಹುದು. ತಿರುವಿನಲ್ಲಿ ಭಾರವು ಹೊರಬದಿಯ ಚಕ್ರಕ್ಕೆ ಬೀಳುವುದರಿಂದ, ಬಲಕ್ಕೆ ತಿರುಗುವಾಗ ಶಬ್ದ ಜೋರಾದರೆ ಎಡ ಬೇರಿಂಗನ್ನು ಮೊದಲು ಶಂಕಿಸಬೇಕು. ಟೈರು ಏರುಪೇರಾಗಿ ಸವೆದಿದ್ದರೂ ಇದನ್ನು ಹೋಲುವ ಶಬ್ದ ಬರುತ್ತದೆಯಾದ್ದರಿಂದ ಅದನ್ನೂ ನೋಡತಕ್ಕದ್ದು. ಪರೀಕ್ಷೆಗಾಗಿ ಸಮತಟ್ಟಾದ ಜಾಗದಲ್ಲಿ ಮುಂದಿನ ಚಕ್ರಗಳಿಗೆ ಅಡೆಗಲ್ಲು ಕೊಟ್ಟು, ಹಿಂಭಾಗವನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ, ನ್ಯೂಟ್ರಲ್‌ನಲ್ಲಿ ಹ್ಯಾಂಡ್ ಬ್ರೇಕ್ ಬಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಬೇಕು. ತರಿತರಿಯಾದ ಅನುಭವ ಅಥವಾ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲ ಕಂಡರೆ ಬೇರಿಂಗ್ ಬದಲಿಸಲೇಬೇಕು. ನಿರ್ಲಕ್ಷಿಸಿದರೆ ಓಟದಲ್ಲೇ ಚಕ್ರ ಕಳಚಬಹುದು. ಕೇವಲ ಜಾಕ್ ಆಧಾರದಲ್ಲಿರುವ ವಾಹನದ ಅಡಿಗೆ ಯಾರೂ ಹೋಗಕೂಡದು.

ಭಾರ ಎಳೆಯುವಾಗ ಒಂದು ಬಗೆ, ಆಕ್ಸಿಲರೇಟರ್ ಬಿಟ್ಟಾಗ ಇನ್ನೊಂದು ಬಗೆ ಶಬ್ದ ಬಂದಲ್ಲಿ ಡಿಫರೆನ್ಷಿಯಲ್‌ನ ಕ್ರೌನ್ ಮತ್ತು ಪಿನಿಯನ್ ಕಡೆಗೆ ಗಮನ ಹರಿಸಬೇಕು. ಎಣ್ಣೆಯ ಮಟ್ಟ, ಆಯಿಲ್ ಸೀಲಿನ ಸೋರಿಕೆ, ಎಣ್ಣೆಯಲ್ಲಿ ಲೋಹದ ಚೂರುಗಳಿವೆಯೇ ಎಂಬುದನ್ನು ನೋಡತಕ್ಕದ್ದು. ಎಫ್.ಸಿ. ದಿನಕ್ಕಾಗಿ ಗಟ್ಟಿ ಎಣ್ಣೆ ತುಂಬಿ ಶಬ್ದ ಅಡಗಿಸುವುದು ಅಪಾಯಕಾರಿ. ಸವೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಡಿಫರೆನ್ಷಿಯಲ್ ಬಿಗಿದುಕೊಂಡರೆ ಹಿಂದಿನ ಚಕ್ರಗಳು ಓಟದಲ್ಲೇ ಸ್ತಬ್ಧವಾಗುತ್ತವೆ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿ ತಯಾರಾಗಿರುವುದರಿಂದ ಜೋಡಿಯಾಗಿಯೇ ಬದಲಿಸತಕ್ಕದ್ದು.

ದೋಷವಿದೆಯೆಂದು ತಿಳಿದೂ ಅಸುರಕ್ಷಿತ ವಾಹನವನ್ನು ಚಲಾಯಿಸಿದರೆ 190ನೇ ಪ್ರಕರಣದ ಮೇರೆಗೆ ರೂ. 1,500ರವರೆಗೆ ದಂಡ ವಿಧಿಸಬಹುದು. ಆ ದೋಷದಿಂದ ಅಪಘಾತ ಸಂಭವಿಸಿ ದೇಹಕ್ಕೆ ಅಥವಾ ಸ್ವತ್ತಿಗೆ ಹಾನಿಯಾದರೆ ಮೂರು ತಿಂಗಳವರೆಗೆ ಕಾರಾವಾಸ, ರೂ. 5,000ರವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಅರ್ಹತಾ ಪತ್ರವನ್ನು ನಿರಾಕರಿಸಿದಲ್ಲಿ, ಅದರ ಕಾರಣಗಳನ್ನು ಲಿಖಿತವಾಗಿ ಪಡೆಯಲು ಮಾಲೀಕರಿಗೆ 56ನೇ ಪ್ರಕರಣದಡಿ ಹಕ್ಕಿರುತ್ತದೆ. ಆ ಪತ್ರವನ್ನು ಮೆಕ್ಯಾನಿಕ್‌ಗೆ ತೋರಿಸಿ ದುರಸ್ತಿ ಮಾಡಿಸಿಕೊಳ್ಳುವುದು ಸೂಕ್ತ.