ಕೂಡಿಹಾಕುವ ಮಾತು



ಪೈರಿಗೆ ನುಗ್ಗಿದ ದನವನ್ನು ನಮ್ಮ ಹಳ್ಳಿಗಳಲ್ಲಿ ದೊಡ್ಡಿಗೆ ಕೂಡುತ್ತಾರೆ. ತಂಟೆ ಮಾಡಿದ ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಕೂಡುವುದೆಂದರೆ ಸೇರುವುದು, ಒಂದಾಗುವುದು. ಆ ಸೌಮ್ಯವಾದ ಮಾತಿಗೆ ‘ಹಾಕು’ ಎಂಬುದು ಹತ್ತಿದೊಡನೆ ಸೆರೆಯಾಗಿಬಿಡುತ್ತದೆ. ‘ಕಾನ್ಸೆಂಟ್ರೇಷನ್ ಕ್ಯಾಂಪು’ ಎಂಬ ಇಂಗ್ಲಿಷು ಪದದ ಚರಿತ್ರೆಯೂ ಹೆಚ್ಚುಕಡಮೆ ಹೀಗೆಯೇ. ಚೆದರಿದ್ದುದನ್ನು ಒಂದೆಡೆ ಸೇರಿಸುವುದು, ಇಷ್ಟೇ ಅದರ ಮೂಲಾರ್ಥ.

1896ರಲ್ಲಿ ಕ್ಯೂಬಾದ ದಂಗೆಯನ್ನು ಅಡಗಿಸಬಂದ ಸ್ಪೇನಿನ ಸೇನಾಪತಿ ವೇಯ್ಲರನು, ದಂಗೆಕೋರರಿಗೆ ಅನ್ನ ದೊರೆಯದಂತೆ ಹಳ್ಳಿಗರನ್ನು ಕಾವಲುಳ್ಳ ಊರುಗಳಿಗೆ ಅಟ್ಟಿದನು. ಈ ಕಾರ್ಯಕ್ಕೆ ಬಳಸಿದ ಹೆಸರು ‘ರೆಕಾನ್ಸೆಂಟ್ರಾಸಿಯೋನ್’. ಹಸಿವಿನಿಂದಲೂ ರೋಗದಿಂದಲೂ ಮಡಿದವರು ಲಕ್ಷಕ್ಕೆ ಮೇಲ್ಪಟ್ಟರೆಂದು ಹಲವು ಇತಿಹಾಸಕಾರರ ಅಂದಾಜು.

ಪದವು ಇಂಗ್ಲಿಷಿನಲ್ಲಿ ಬೇರೂರಿದ್ದು ದಕ್ಷಿಣ ಆಫ್ರಿಕದ ಯುದ್ಧದಲ್ಲಿ. 1900ರಿಂದ ಆಂಗ್ಲ ಸೈನ್ಯವು ಬೋಯರ್ ರೈತರ ಮನೆಗಳನ್ನು ಸುಟ್ಟು, ಹೆಂಗಸರನ್ನೂ ಮಕ್ಕಳನ್ನೂ ಡೇರೆಗಳಿಗೆ ತಂದು ತುಂಬಿತು. ಅಧಿಕಾರಿಗಳು ಮೊದಲು ಬಳಸಿದ ಹೆಸರು ‘ನಿರಾಶ್ರಿತರ ಶಿಬಿರ’. ಮನೆ ಸುಟ್ಟವರೇ ಆಶ್ರಯದಾತರೆನಿಸಿಕೊಂಡ ವೈಚಿತ್ರ್ಯವನ್ನು ಗಮನಿಸಬೇಕು. 1901ರಲ್ಲಿ ಬ್ಲೂಮ್‌ಫಾಂಟೇನಿನ ಶಿಬಿರವನ್ನು ಕಣ್ಣಾರೆ ಕಂಡ ಎಮಿಲಿ ಹಾಬ್‌ಹೌಸ್ ಎಂಬ ಆಂಗ್ಲ ಮಹಿಳೆಯು, ಅಲ್ಲಿ ನೀರು ಸಾಲದೆಂದೂ ಸಾಬೂನನ್ನೇ ಕೊಡುತ್ತಿರಲಿಲ್ಲವೆಂದೂ ಸ್ವದೇಶಕ್ಕೆ ವರದಿಮಾಡಿದಳು. ಪಾರ್ಲಿಮೆಂಟಿನ ವಿರೋಧಪಕ್ಷದವರು ‘ಕಾನ್ಸೆಂಟ್ರೇಷನ್ ಕ್ಯಾಂಪು’ ಎಂಬುದನ್ನು ಆಕ್ಷೇಪಣೆಯ ಮಾತಾಗಿ ಎತ್ತಿಕೊಂಡರು. ಯುದ್ಧ ಮುಗಿಯುವ ಹೊತ್ತಿಗೆ ಸತ್ತ ಬೋಯರರು ಸುಮಾರು 28,000. ಅವರಲ್ಲಿ ಸುಮಾರು 22,000 ಮಂದಿ ಹದಿನಾರು ತುಂಬದ ಮಕ್ಕಳು. ಆಫ್ರಿಕದ ಕರಿಯ ಜನರಿಗೆ ಬೇರೆ ಶಿಬಿರಗಳಿದ್ದುವು. ಅಲ್ಲಿ 14,000ಕ್ಕೆ ಕಡಮೆಯಿಲ್ಲದೆ ಸತ್ತರು. ಲೆಕ್ಕವಿಟ್ಟವರೂ ಕಡಮೆ, ಅತ್ತವರ ಸುದ್ದಿ ಲಂಡನ್ನಿಗೆ ಮುಟ್ಟಿದ್ದೂ ಕಡಮೆ.

1933ರ ಮಾರ್ಚಿಯಲ್ಲಿ ನಾಟ್ಸಿಗಳು ಡಾಖೌದಲ್ಲಿ ಶಿಬಿರ ತೆರೆದ ಮೇಲೆ ನಡೆದುದನ್ನು ಎಲ್ಲರೂ ಬಲ್ಲರು. ಅದರಿಂದಲೇ ಕನ್ನಡದಲ್ಲಿ ‘ಯಾತನಾ ಶಿಬಿರ’ ಎಂದು ಬರೆಯುವ ರೂಢಿ. ಈ ಅನುವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅದು ಕೊನೆಯನ್ನು ಹೇಳುತ್ತದೆ. ಮೆತ್ತನೆಯ ಮಾತಿನಲ್ಲಿ ಆದ ಮೊದಲನ್ನು ಮರೆಸುತ್ತದೆ.

1942ರಲ್ಲಿ ಅಮೆರಿಕ ಸರಕಾರವು ಜಪಾನೀ ಮೂಲದ ಸುಮಾರು 1,20,000 ಮಂದಿಯನ್ನು ಮುಳ್ಳುತಂತಿಯೊಳಗೆ ಇಟ್ಟಿತು. ಮೂರರಲ್ಲಿ ಎರಡು ಪಾಲು ಆ ದೇಶದ ಪ್ರಜೆಗಳೇ. ಸರಕಾರಿ ಹೆಸರು ‘ಸ್ಥಳಾಂತರ ಕೇಂದ್ರ’. 1998ರಲ್ಲಿ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅವರ ಕಥೆಯ ಪ್ರದರ್ಶನ ನಡೆದಾಗ, ಹಳೆಯ ಪದವನ್ನೇ ಬಳಸಬಹುದೆ ಎಂಬ ವಾದವೆದ್ದಿತು. ಯೆಹೂದ್ಯರಿಗೆ ತಮ್ಮವರ ನೆನಪು ಹಗುರಾದೀತೆಂಬ ಅಂಜಿಕೆ. ಉಭಯರೂ ಕುಳಿತು ಮಾತನಾಡಿ ಪದವನ್ನು ಉಳಿಸಿದರು. ಜೊತೆಗೊಂದು ವಿವರಣೆ ಬರೆಯಿಸಿದರು: ಮಾಡಿದ ಅಪರಾಧಕ್ಕಾಗಿ ಅಲ್ಲ, ಇಂಥವರು ಎಂಬುದಕ್ಕಾಗಿಯೇ ಜನರನ್ನು ಸೆರೆಯಿಡುವ ಸ್ಥಳವೆಂದು.