ಕಂಬಂ ಕಣಿವೆಯ ಸಾಗುವಳಿ ಭೂಮಿ: ನೀರಿನ ಮೂಲ ಮತ್ತು ಬೆಳೆ

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಜಮೀನಿಗೆ ಬೆಲೆ ಕಟ್ಟುವುದು ಮಣ್ಣು ನೋಡಿ ಅಲ್ಲ, ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿ. ಪಶ್ಚಿಮ ಘಟ್ಟದ ಮಳೆನೆರಳಿನ ಈ ಕಣಿವೆಯಲ್ಲಿ ಸುರುಳಿಯಾರಿನ ಕಾಲುವೆಗಳು ಹಿಂದಿನಿಂದಲೂ ಇದ್ದವು. ಅವುಗಳಿಗೆ ಎರಡು ಬೆಳೆಯ ಭರವಸೆ ಬಂದದ್ದು ಘಟ್ಟದ ಆಚೆಯ ನೀರಿನಿಂದ. 1886ರಲ್ಲಿ ತಿರುವಾಂಕೂರು ಸಂಸ್ಥಾನ ಅಣೆಕಟ್ಟಿಗಾಗಿ ಸುಮಾರು 8,000 ಎಕರೆಯನ್ನು ಬ್ರಿಟಿಷರಿಗೆ 999 ವರ್ಷದ ಗುತ್ತಿಗೆಗೆ ಕೊಟ್ಟಿತು. ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಕಟ್ಟಿಸಿದ ಮುಲ್ಲಪೆರಿಯಾರ್ ಅಣೆಕಟ್ಟು 1895ರಲ್ಲಿ ಮುಗಿಯಿತು. ಪಡುವಣ ಕಡಲಿಗೆ ಹರಿಯುತ್ತಿದ್ದ ನೀರು ಬೆಟ್ಟ ಕೊರೆದ ಸುರಂಗದಲ್ಲಿ ಹಾಯ್ದು ವೈರವನಾರು, ಸುರುಳಿಯಾರುಗಳ ಮೂಲಕ ವೈಗೈ ಸೇರತೊಡಗಿತು. ಯೋಜನೆಯ ಕಣ್ಣಿದ್ದದ್ದು ಮದುರೆ ಸೀಮೆಯ ಒಣಭೂಮಿಯ ಮೇಲೆ. ಕಣಿವೆಗೆ ದಕ್ಕಿದ್ದು ದಾರಿಯ ಪಾಲು. ಆದರೂ ಆ ಪಾಲಿನಿಂದಲೇ ಇಂದು 14,707 ಎಕರೆ ತರಿ ಜಮೀನು ಎರಡು ಬೆಳೆ ಭತ್ತ ಕೊಡುತ್ತದೆ. ಜೂನ್ ಮೊದಲಿಗೆ ನೀರು ಬಿಡದಿದ್ದರೆ ಸಸಿಮಡಿ ತಡವಾಗಿ, ಎರಡನೆಯ ಬೆಳೆಗೂ ಪೆಟ್ಟು ಬೀಳುತ್ತದೆ. ಅಣೆಕಟ್ಟಿನ ನೀರಿನ ಮಟ್ಟವನ್ನು 1979ರಲ್ಲಿ 136 ಅಡಿಗೆ ಇಳಿಸಿದ್ದು, 2014ರಲ್ಲಿ ಸುಪ್ರೀಂ ಕೋರ್ಟ್ 142 ಅಡಿಗೆ ಒಪ್ಪಿದ್ದು ಇಲ್ಲಿನ ಗದ್ದೆಯವರಿಗೆ ಬರೀ ಕೋರ್ಟಿನ ಸುದ್ದಿಯಲ್ಲ.

ಕಾಲುವೆ ಏರದ ಮೇಲ್ದಿಣ್ಣೆಯಲ್ಲಿ ಬಾವಿ, ಕೊಳವೆಬಾವಿಗಳೇ ಆಧಾರ. ದ್ರಾಕ್ಷಿ ಇರುವುದು ಇಲ್ಲಿ. ಕಂಬ ನೆಟ್ಟು, ತಂತಿ ಹೆಣೆದ ಚಪ್ಪರದ ಮೇಲೆ ಬಳ್ಳಿ ಹಬ್ಬಿಸುತ್ತಾರೆ. ಕೊಯ್ಲಾದ ಮೇಲೆ ಕಡ್ಡಿ ಸವರಿದರೆ ಹೊಸ ಚಿಗುರಿನಲ್ಲಿ ಗೊಂಚಲು ಕಟ್ಟುತ್ತದೆ. ಒಂದೊಂದು ತೋಟದಲ್ಲಿ ಒಂದೊಂದು ತಿಂಗಳು ಸವರುವುದರಿಂದ ವರ್ಷವಿಡೀ ಹಣ್ಣು ಮಾರುಕಟ್ಟೆಗೆ ಹೋಗುತ್ತದೆ. ಈ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಚಪ್ಪರಕ್ಕೆ ಒಮ್ಮೆ ದುಡ್ಡು ಸುರಿದವರು ಬೇರೆ ಬೆಳೆಗೆ ಹೊರಳುವುದು ಸುಲಭವಲ್ಲ. ಗದ್ದೆಯವರಿಗಿಂತ ಇವರ ಕೈ ಕಟ್ಟಿಬಿದ್ದಿರುವುದು ಹೆಚ್ಚು.

ಕಣಿವೆಯ ಒಕ್ಕಲುಗಳಲ್ಲಿ ಮನೆಮಾತು ಕನ್ನಡವಾದ ಕಪ್ಪಿಲಿಯರೂ ಇದ್ದಾರೆ. ಕಂಬಂನಲ್ಲಿ ಅವರದೊಂದು ದೇವರ ಹಸುಗಳ ಹಿಂಡಿದೆ. ಹಿಂಡಿನ ಪಟ್ಟದ ಹೋರಿ ಸತ್ತಾಗ ಕಬ್ಬಿನ ಕಟ್ಟು ಇಟ್ಟು, ಅದಕ್ಕೆ ಬಾಯಿ ಹಾಕಿದ ಕರುವನ್ನು ಪಟ್ಟಕ್ಕೇರಿಸುವ ಪದ್ಧತಿಯನ್ನು ಜನಾಂಗಶಾಸ್ತ್ರಜ್ಞ ಎಡ್ಗರ್ ಥರ್ಸ್ಟನ್ 1909ರಲ್ಲಿ ದಾಖಲಿಸಿದ. ಇಲ್ಲಿನ ಬೇಸಾಯಕ್ಕೆ ಬೆಟ್ಟದ ಹುಲ್ಲೂ ಬೇಕಿತ್ತು. ಮೇಘಮಲೆಯ ಕಾಡು 2021ರಲ್ಲಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ ಮೇಲೆ ಮೇವಿನ ದಾರಿ ಇಕ್ಕಟ್ಟಾಗಿದೆ.

ಪಕ್ಕದ ದಿಂಡಿಗಲ್ ಜಿಲ್ಲೆಯಲ್ಲಿ ಹೀಗೆ ಹೊರಗಿನಿಂದ ತಂದ ನೀರಿನ ಆಸರೆ ಕಡಿಮೆ, ಖುಷ್ಕಿ ಮತ್ತು ಬಾವಿ ಬೇಸಾಯವೇ ಹೆಚ್ಚು. ವೇಡಸಂದೂರಿನ ಹೊಗೆಸೊಪ್ಪು, ನಿಲಕ್ಕೋಟೆಯ ಮಲ್ಲಿಗೆ, ಒಟ್ಟನ್‌ಛತ್ರದ ತರಕಾರಿ ಮೊದಲಾದ ಪೇಟೆಯ ಬೆಳೆಗಳು ಅಲ್ಲಿ ನೆಲೆಯೂರಿವೆ. ಅಲ್ಲಿನ ಸಿರುಮಲೆಯಲ್ಲಾದರೋ ಬೆಟ್ಟದ ಬಾಳೆ, ಮರಗಳ ನೆರಳಲ್ಲಿ, ಮಳೆಯ ನೀರಿನಲ್ಲೇ ಬೆಳೆಯುತ್ತದೆ.