ನೇಗಿಲು ಮತ್ತು ಲೇಖಣಿ: ಚಿಕ್ಕೇರೂರು ಸೀಮೆಯಲ್ಲಿ ಮುಂದಾಳಿನ ನೆರವಿನ ಇತಿಹಾಸ

ಹಿರೇಕೆರೂರು ಸೀಮೆಯ ಚಿಕ್ಕೇರೂರು 1956ರವರೆಗೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ, ಅದರಲ್ಲಿಯೂ ಬ್ರಿಟಿಷ್ ದಾಖಲೆಗಳು ಕೋಡ ಎಂದು ಕರೆದ ತಾಲೂಕಿಗೆ ಸೇರಿದ್ದು, 1997ರಲ್ಲಿ ಹಾವೇರಿ ಜಿಲ್ಲೆ ರೂಪುಗೊಂಡಾಗ ಅದರ ಭಾಗವಾಯಿತು. ಆದ್ದರಿಂದ ಈ ಭಾಗದ ಊರಾಡಳಿತದ ಚರಿತ್ರೆಯನ್ನು ಮೈಸೂರು ಸಂಸ್ಥಾನದ ಶಾನುಭೋಗಿಕೆಯಲ್ಲಿ ಹುಡುಕುವುದಕ್ಕಿಂತ ಮುಂಬಯಿ ಕರ್ನಾಟಕದ ವತನ ಪದ್ಧತಿಯಲ್ಲಿ ಹುಡುಕುವುದು ಸರಿ. ಸೇವೆಗೆ ಪ್ರತಿಯಾಗಿ ಒಂದು ಮನೆತನಕ್ಕೆ ತಲೆಮಾರಿನಿಂದ ತಲೆಮಾರಿಗೆ ದಕ್ಕುತ್ತಿದ್ದ ಭೂಮಿ, ಉತ್ಪನ್ನದ ಪಾಲು ಮತ್ತು ಮಾನಮರ್ಯಾದೆಗಳನ್ನು ಒಟ್ಟಾಗಿ ವತನ ಎನ್ನುತ್ತಿದ್ದರು. ಊರಿನ ಹಿರಿತನ ಗೌಡನದು ಅಥವಾ ಪಾಟೀಲನದು, ಲೆಕ್ಕಪತ್ರ ಕುಲಕರ್ಣಿಯದು, ಕಾವಲು ಮತ್ತು ಕರೆಸಂದೇಶಗಳು ತಳವಾರ, ವಾಲಿಕಾರರವು ಎಂದು ಕೆಲಸಗಳು ಹಂಚಿಹೋಗಿದ್ದವು.

ಈ ಹಂಚಿಕೆಯನ್ನು ಇತಿಹಾಸಕಾರರು ಸಾಮಾನ್ಯವಾಗಿ ಕಂದಾಯ ವಸೂಲಿಯ ದೃಷ್ಟಿಯಿಂದ ನೋಡಿದ್ದಾರೆ. ಅದಕ್ಕೆ ಇನ್ನೊಂದು ಮುಖವೂ ಇದೆ. ಮುಂದಾಳಿಗೆ ಬೇಕೆಂದು ಇಂದಿನ ಆಡಳಿತಶಾಸ್ತ್ರ ಪಟ್ಟಿ ಮಾಡುವ ಸಾಮರ್ಥ್ಯಗಳೆಲ್ಲ, ಅಂದರೆ ನೆನಪು, ಬರವಣಿಗೆ, ಲೆಕ್ಕ, ಗಡುವಿನ ಪಾಲನೆ, ಜನರೊಡನೆ ಮಾತು, ಕ್ಷಣದಲ್ಲಿ ತೀರ್ಮಾನ ಇವೆಲ್ಲವೂ ಒಬ್ಬನೇ ಮನುಷ್ಯನ ತಲೆಯಲ್ಲಿರಬೇಕೆಂದು ಊರಿನ ಕಚೇರಿಯಾದ ಚಾವಡಿಯ ವ್ಯವಸ್ಥೆ ನಿರೀಕ್ಷಿಸಿರಲಿಲ್ಲ. ಪೇಶ್ವೆಯರ ಕಾಲದಲ್ಲಿ ಕುಲಕರ್ಣಿಯ ಲೆಕ್ಕ ಹೆಚ್ಚಾಗಿ ಮರಾಠಿಯ ಮೋಡಿ ಲಿಪಿಯಲ್ಲಿರುತ್ತಿತ್ತು, ಮೋಡಿ ಎಂದರೆ ಕೈಯೆತ್ತದೆ ವೇಗವಾಗಿ ಬರೆಯುವ ಕೂಡಕ್ಷರ. ಅದನ್ನು ಓದಲಾರದ ಗೌಡನ ಗೌಡಕಿಗೆ ಅದರಿಂದ ಕುಂದು ಬರುತ್ತಿರಲಿಲ್ಲ. ಮರಾಠ ಆಡಳಿತದ ಗ್ರಾಮ ದಾಖಲೆಗಳಲ್ಲಿ ಪಾಟೀಲನ ಹೆಸರಿನ ಬಳಿ ನೇಗಿಲಿನ ಚಿತ್ರ, ಕುಲಕರ್ಣಿಯ ಹೆಸರಿನ ಬಳಿ ಲೇಖಣಿಯ ಚಿತ್ರ ನಿಶಾನೆಯಾಗಿ ನಿಲ್ಲುತ್ತಿದ್ದವು, ಮತ್ತು ಎರಡೂ ಇದ್ದಾಗಲೇ ಊರಿನ ಮಾತಿಗೆ ಬೆಲೆ ಬರುತ್ತಿತ್ತು. ಅಕ್ಷರ ತೊಡಕಾಗಿ ಕಾಣುವವನು, ಲೆಕ್ಕ ನೆನಪಿನಲ್ಲಿ ನಿಲ್ಲದವನು, ಒಂದೆಡೆ ಕೂರಲಾರದವನು ಗೌಡನಾಗಿದ್ದರೂ ಆ ಕೊರತೆ ಹೊರಗೆ ಕಾಣಿಸಿಕೊಳ್ಳುವ ಸಂದರ್ಭಗಳೇ ಕಡಿಮೆಯಿದ್ದವು.

ಆದರೂ ಈ ಜೋಡಿಯನ್ನು ಆದರ್ಶವೆಂದು ಬಣ್ಣಿಸುವುದು ತಪ್ಪಾಗುತ್ತದೆ. ಕುಲಕರ್ಣಿ ಗೌಡನ ಗುರುವಾಗಿರಲಿಲ್ಲ, ಗೌಡನಿಗೆ ಏನನ್ನೂ ಕಲಿಸುವ ಹೊಣೆಯೂ ಅವನ ಮೇಲಿರಲಿಲ್ಲ. ಬರೆದಿಟ್ಟದ್ದೇನೆಂದು ಅವನೊಬ್ಬನಿಗೇ ಗೊತ್ತಿದ್ದ ಊರಿನಲ್ಲಿ ಗೌಡನೂ ರೈತನೂ ಅವನ ಕೈಯೊಳಗೇ ಇದ್ದರು. ಹುದ್ದೆಗಳು ಜಾತಿ ಮತ್ತು ಮನೆತನಗಳಿಗೆ ಕಟ್ಟುಬಿದ್ದಿದ್ದರಿಂದ, ಚಾವಡಿಯ ಈ ಉದಾರತೆ ಆಗಲೇ ಅಧಿಕಾರ ಪಡೆದಿದ್ದವರಿಗಷ್ಟೇ ಸಿಗುತ್ತಿತ್ತು.

ಅಧಿಕಾರವಿಲ್ಲದವನ ಮನಸ್ಸು ಭಿನ್ನವಾಗಿದ್ದರೆ ಹತ್ತೊಂಬತ್ತನೆಯ ಶತಮಾನ ಅವನಿಗೆ ತೋರಿಸಿದ ದಾರಿ ಬೇರೆ. 1845ರಲ್ಲಿ ಧಾರವಾಡದಲ್ಲಿ ಹುಚ್ಚಾಸ್ಪತ್ರೆ ಆರಂಭವಾಯಿತು. ಇಂದಿನ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ಮೂಲ ಅದೇ. 1858ರ ಕಾಯಿದೆಗಳು ಅಂಥ ಆಸ್ಪತ್ರೆಗಳಿಗೆ ಸೇರಿಸುವ ಕ್ರಮವನ್ನು ಒಂದೆಡೆ ಗೊತ್ತುಮಾಡಿ, ಆಸ್ತಿಯುಳ್ಳವನು ತನ್ನ ವ್ಯವಹಾರ ನೋಡಿಕೊಳ್ಳಲಾರನೆಂದು ಜಿಲ್ಲಾ ನ್ಯಾಯಾಲಯಕ್ಕೆ ಮನವರಿಕೆಯಾದರೆ ಅವನ ಪರವಾಗಿ ವ್ಯವಸ್ಥಾಪಕನನ್ನು ನೇಮಿಸುವ ಅವಕಾಶವನ್ನು ಇನ್ನೊಂದೆಡೆ ಕೊಟ್ಟವು. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಯೂ ತಾನೇ ಸೇವೆ ಮಾಡಲಾಗದ ವತನದಾರನಿಗೆ ಬದಲಿಯನ್ನು ಒಪ್ಪಿತು. ಹೀಗೆ ಕಾನೂನಿಗೆ ಗೊತ್ತಿದ್ದ ಉಪಾಯ ಬದಲಿಯೊಂದೇ ಆಗಿದ್ದು, ಮನುಷ್ಯನನ್ನು ಅದೇ ಸ್ಥಾನದಲ್ಲಿ ಉಳಿಸಿಕೊಂಡು ಅವನಿಗೆ ಒತ್ತಾಸೆಯಾಗುವ ಯೋಚನೆ ಅದರಲ್ಲಿರಲಿಲ್ಲ.

ವತನಗಳ ಅಂತ್ಯ ಎರಡು ಕಂತುಗಳಲ್ಲಿ ಬಂತು. 1950ರ ಮುಂಬಯಿ ಕಾಯಿದೆ ಕುಲಕರ್ಣಿ ವತನವನ್ನು ತೆಗೆದು, ಲೆಕ್ಕವನ್ನು ಸಂಬಳದ ಮತ್ತು ವರ್ಗಾವಣೆಯಾಗುವ ತಲಾಠಿಗೆ ಒಪ್ಪಿಸಿತು. 1961ರ ಮೈಸೂರು ಕಾಯಿದೆ 1963ರಲ್ಲಿ ಜಾರಿಗೆ ಬಂದಾಗ ಗೌಡಕಿಯೂ ಹೋಯಿತು. ಜೋಡಿ ಒಡೆಯಿತು. ಮುಂದೆ 1983ರ ಮತ್ತು 1993ರ ಪಂಚಾಯತ್ ಕಾಯಿದೆಗಳಿಂದ ಚುನಾಯಿತ ಅಧ್ಯಕ್ಷರ ಕಾಲ ಗಟ್ಟಿಯಾಗಿ, ಮಹಿಳೆಯರಿಗೂ ದಲಿತರಿಗೂ ಆ ಕುರ್ಚಿ ದೊರಕಿತು. ಅದು ದೊಡ್ಡ ಲಾಭ. ಆದರೆ ಕಡತ ಓದುವುದು, ಠರಾವು ಅರ್ಥಮಾಡಿಕೊಳ್ಳುವುದು, ಸಭೆಯ ಗದ್ದಲದ ನಡುವೆ ವಿಷಯದ ಎಳೆ ಬಿಡದಿರುವುದು, ದಿನಾಂಕಗಳನ್ನು ನೆನಪಿಡುವುದು ಎಲ್ಲವೂ ಅದೇ ಕುರ್ಚಿಯ ಹೊಣೆಯಾದವು.

ಇದೇ ಅವಧಿಯಲ್ಲಿ ಹೊರಜಗತ್ತಿನಲ್ಲಿ ಎರಡು ಬೇರೆ ಬೇರೆ ವಿಚಾರಗಳು ಬೆಳೆಯುತ್ತಿದ್ದವು. ಲಿಯೋ ಕ್ಯಾನರ್ 1943ರಲ್ಲಿ ವಿವರಿಸಿದ ಆಟಿಸಂ, ಓದುಬರಹವನ್ನು ಕಷ್ಟಗೊಳಿಸುವ ಡಿಸ್ಲೆಕ್ಸಿಯಾ, ಗಮನ ಮತ್ತು ಕಾಲದ ಅಂದಾಜು ಹಿಡಿತಕ್ಕೆ ಸಿಗದ ಎಡಿಎಚ್‌ಡಿ ಮುಂತಾದವನ್ನು ರೋಗಗಳೆಂದಷ್ಟೇ ಕಾಣದೆ ಮಿದುಳಿನ ಸಹಜ ವೈವಿಧ್ಯವೆಂದು ಕಾಣುವ ನ್ಯೂರೋಡೈವರ್ಸಿಟಿ ಎಂಬ ನಿಲುವು 1990ರ ದಶಕದ ಕೊನೆಯಲ್ಲಿ ರೂಪ ಪಡೆಯಿತು. ಆಸ್ಟ್ರೇಲಿಯಾದ ಜೂಡಿ ಸಿಂಗರ್ ಅದರ ಮೊದಲ ಪ್ರತಿಪಾದಕರಲ್ಲಿ ಒಬ್ಬರು. ಇನ್ನೊಂದು, ಉನ್ನತ ಹುದ್ದೆಯಲ್ಲಿರುವವರೊಡನೆ ಗೋಪ್ಯವಾಗಿ, ನಿಯತವಾಗಿ ಮಾತನಾಡಿ ಅವರ ಕೆಲಸದ ರೀತಿಯನ್ನು ಅವರಿಂದಲೇ ತಿದ್ದಿಸುವ ಎಕ್ಸಿಕ್ಯುಟಿವ್ ಕೋಚಿಂಗ್ ಎಂಬ ವೃತ್ತಿ. ಜಾನ್ ವಿಟ್ಮೋರ್ ಅವರ 1992ರ ಪುಸ್ತಕ ಅದಕ್ಕೆ ಪ್ರಸಿದ್ಧಿ ತಂದಿತು. 1994ರಲ್ಲಿ ಹ್ಯಾಲೊವೆಲ್ ಮತ್ತು ರೇಟಿ ಎಂಬ ಅಮೆರಿಕದ ಮನೋವೈದ್ಯರು ಗಮನದ ತೊಡಕಿರುವ ವಯಸ್ಕರಿಗೂ ಇಂಥ ಒಬ್ಬ ಕೋಚ್ ಬೇಕೆಂದು ಬರೆದಾಗಲೇ ಎರಡೂ ಎಳೆಗಳು ಮುಂದೆ ಕೂಡುವ ದಾರಿ ತೆರೆದಿತ್ತು. ಸಭೆಯ ವಿಷಯಪಟ್ಟಿಯನ್ನು ಮುಂಚಿತವಾಗಿ ಲಿಖಿತವಾಗಿ ತರಿಸಿಕೊಳ್ಳುವುದು, ನೆನಪನ್ನು ತಲೆಯ ಬದಲು ಗೋಡೆಯ ಪಟ್ಟಿಗೆ ಒಪ್ಪಿಸುವುದು, ದೊಡ್ಡ ಕೆಲಸವನ್ನು ಸಣ್ಣ ಗಡುವುಗಳಾಗಿ ಒಡೆಯುವುದು, ಯಾವ ಕೆಲಸವನ್ನು ಯಾರಿಗೆ ವಹಿಸಬೇಕೆಂದು ಸಂಕೋಚವಿಲ್ಲದೆ ಗೊತ್ತುಮಾಡಿಕೊಳ್ಳುವುದು ಈ ಕೋಚಿಂಗಿನ ಸಾಮಾನ್ಯ ಕ್ರಮ. ಇದರ ಬಹುಪಾಲು ಕುಲಕರ್ಣಿ ದಿನದ ಲೆಕ್ಕ ಬರೆಯುತ್ತಿದ್ದ ಖಿರ್ದಿ ಪುಸ್ತಕ ಮಾಡುತ್ತಿದ್ದ ಕೆಲಸವೇ. ವ್ಯತ್ಯಾಸವೆಂದರೆ ಇಲ್ಲಿ ಪುಸ್ತಕದ ಕೀಲಿಕೈ ಮುಂದಾಳಿನ ಬಳಿಯೇ ಉಳಿಯುತ್ತದೆ.

ಭಿನ್ನ ಮನಸ್ಸಿನವರಿಗೆ ಕೆಲಸದಲ್ಲಿ ಒತ್ತಾಸೆಯಾಗುವ ವಿಚಾರ ಕರ್ನಾಟಕಕ್ಕೆ ಬಂದದ್ದು ಹೆಚ್ಚಾಗಿ ಬೆಂಗಳೂರಿನ ಮೂಲಕ. ಅಲ್ಲಿ 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾ ಅಂಗವಿಕಲರ ಉದ್ಯೋಗಕ್ಕಾಗಿ ದುಡಿಯಿತು. ಎಸ್‌ಎಪಿ ಎಂಬ ಸಾಫ್ಟ್‌ವೇರ್ ಕಂಪನಿ ಆಟಿಸಂ ಉಳ್ಳವರನ್ನು ನೇಮಿಸಿಕೊಳ್ಳುವ ತನ್ನ ಜಾಗತಿಕ ಕಾರ್ಯಕ್ರಮವನ್ನು 2013ರಲ್ಲಿ ಪ್ರಕಟಿಸುವ ಹೊತ್ತಿಗೆ ಅಲ್ಲಿನ ತನ್ನ ಕೇಂದ್ರದಲ್ಲಿ ಪ್ರಯೋಗ ನಡೆಸಿತ್ತು. ಈ ಪ್ರಯತ್ನಗಳ ಕಣ್ಣು ಹೆಚ್ಚಾಗಿ ಕೆಲಸದ ಮೊದಲ ಮೆಟ್ಟಿಲಿನ ಮೇಲಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಅಂಗವೈಕಲ್ಯಗಳ ಸಂಖ್ಯೆಯನ್ನು 7ರಿಂದ 21ಕ್ಕೆ ಏರಿಸಿ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನು ಸೇರಿಸಿಕೊಂಡಿತು. ವ್ಯಕ್ತಿಗೆ ತಕ್ಕಂತೆ ಕೆಲಸದ ರೀತಿಯಲ್ಲಿ ಮಾಡುವ ಮಾರ್ಪಾಟನ್ನು, ಅಂದರೆ ಸಮಂಜಸ ಹೊಂದಾಣಿಕೆಯನ್ನು, ಅದು ಹಕ್ಕಿನ ಮಾತಾಗಿಸಿತು.

ಊರಿನ ಮಟ್ಟದಲ್ಲಿ ಮುಂದಾಳಿಗೆ ಸಿಗುವ ತರಬೇತಿ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ರೂಪಿಸುವ ಪಾಠಕ್ರಮದ್ದು. ಅದು ಕಾಯಿದೆ, ಯೋಜನೆ, ಲೆಕ್ಕಗಳನ್ನು ಎಲ್ಲರಿಗೂ ಒಟ್ಟಿಗೆ ಹೇಳಿಕೊಡುತ್ತದೆ, ಆದ್ದರಿಂದ ಒಬ್ಬೊಬ್ಬರ ಮನಸ್ಸಿನ ಓಟಕ್ಕೆ ಹೊಂದಿಸಿಕೊಳ್ಳುವ ಅವಕಾಶ ಅದರಲ್ಲಿ ಕಡಿಮೆ. ಇತ್ತ ಪಂಚಾಯತ್ ಅಭಿವೃದ್ಧಿ ಅಧಿಕಾರಿ, ಜನರ ಮಾತಿನಲ್ಲಿ ಪಿಡಿಒ, ಅಧ್ಯಕ್ಷರೊಡನೆ ಸೇರಿ ಹಣಕಾಸಿನ ಕಾಗದಗಳಿಗೆ ಜಂಟಿ ಸಹಿ ಹಾಕುತ್ತಾರೆ. ನೇಗಿಲು ಮತ್ತು ಲೇಖಣಿಯ ಜೋಡಿ ಹೀಗೆ ಕಾಗದದ ಮೇಲೆ ಮರಳಿದೆ. ಆದರೆ ಈ ಬಾರಿಯ ಲೇಖಣಿ ಸರ್ಕಾರಕ್ಕೆ ಉತ್ತರ ಕೊಡಬೇಕಾದದ್ದು, ವರ್ಗಾವಣೆಯಾಗುವಂಥದ್ದು, ಮತ್ತು ಅಧ್ಯಕ್ಷರು ತಮಗೆ ಓದಲು ತೊಡಕಾಗುತ್ತದೆ ಎಂದು ಗುಟ್ಟಾಗಿ ಹೇಳಿಕೊಳ್ಳುವಷ್ಟು ಹತ್ತಿರದ್ದಲ್ಲ.